ಮುಟ್ಟು ನಿಲ್ಲುವ ಮುಂಚಿನ ಲೆಕ್ಕ ಇಡುವುದು ಹೇಗೆ?

ನಲವತ್ತೈದರ ಆಸುಪಾಸಿನಲ್ಲಿ ಮುಟ್ಟು ಹೇಳಿದ ಮಾತು ಕೇಳುವುದಿಲ್ಲ. ಒಮ್ಮೆ 22 ದಿನಕ್ಕೇ ಬರುತ್ತದೆ, ಇನ್ನೊಮ್ಮೆ ಎರಡು ತಿಂಗಳಾದರೂ ಪತ್ತೆಯಿಲ್ಲ. ಅಂಡಾಶಯದಿಂದ ಮೊಟ್ಟೆ ಬಿಡುಗಡೆಯಾಗುವುದು ಏರುಪೇರಾಗುತ್ತದೆ, ಅದಕ್ಕೇ ಹೀಗೆ.

ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕುತ್ತೇನೆ. ಹಸಿರು ಪೆನ್ನಿನಲ್ಲಿ. ಕೆಂಪಾದರೆ ಭಾನುವಾರ, ಹಬ್ಬಗಳ ನಡುವೆ ಕಾಣುವುದೇ ಇಲ್ಲ. ಶುರುವಾದ ದಿನಕ್ಕೆ ಸುತ್ತು, ನಿಂತ ದಿನಕ್ಕೆ ಗೀಟು, ನಡುವೆ ಎಷ್ಟು ಪ್ಯಾಡ್ ಬದಲಿಸಿದೆ ಅನ್ನುವ ಅಂಕಿ. ರಕ್ತ ಹೆಪ್ಪುಗಟ್ಟಿ ಹೋದರೆ ಪಕ್ಕದಲ್ಲಿ ‘ಹೆ’. ನಮ್ಮ ಮಾವ ಅದನ್ನು ಹಾಲಿನ ಲೆಕ್ಕ ಅಂದುಕೊಂಡಿದ್ದಾರೆ, ಇರಲಿ ಬಿಡಿ. ಡಾಕ್ಟರ್ ಹತ್ತಿರ ಹೋಗುವಾಗ ಆ ಪುಟಗಳ ಫೋಟೋ ಇದ್ದರೆ ಸಾಕು, ನೆನಪು ಮಾಡಿಕೊಂಡು ತಡವರಿಸಬೇಕಿಲ್ಲ.

ಗಂಟೆಗೊಂದು ಪ್ಯಾಡ್ ತೊಯ್ದು ಎರಡು ಗಂಟೆ ಹಾಗೇ ಮುಂದುವರಿದರೆ ತಕ್ಷಣ ಹೊರಡಿ. ಸ್ರಾವ 7 ದಿನ ದಾಟಿದರೆ, ಎರಡು ಮುಟ್ಟಿನ ನಡುವೆ ಅಥವಾ ಗಂಡನೊಂದಿಗೆ ಸೇರಿದ ಮೇಲೆ ರಕ್ತ ಕಂಡರೂ ತೋರಿಸಿ. ‘ಈ ವಯಸ್ಸಿಗೆ ಇದೆಲ್ಲ ಮಾಮೂಲು ಕಣೇ’ ಅಂತ ಅಕ್ಕಂದಿರು ಹೇಳುತ್ತಾರೆ. ಸುಮ್ನೆ ಕೇಳಿಸಿಕೊಳ್ಳಿ, ಆದರೆ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ ಜೊತೆ ಬೇಡ, ನಿಂಬೆಹಣ್ಣಿನ ಪಾನಕ ಒಳ್ಳೆಯದು.

ಸತತ 12 ತಿಂಗಳು ಬರದಿದ್ದರೆ ಮುಟ್ಟು ನಿಂತಿತು ಅಂತ ಅರ್ಥ. ಹನ್ನೊಂದನೇ ತಿಂಗಳಲ್ಲಿ ಬಂತಾ? ಮತ್ತೆ ಮೊದಲಿಂದ ಎಣಿಸಿ. ಅಲ್ಲಿಯವರೆಗೆ ಬಸಿರಾಗುವ ಸಾಧ್ಯತೆ ಇದ್ದೇ ಇದೆ, ಮುಂಜಾಗ್ರತೆ ಬಿಡಬೇಡಿ. ಪೂರ್ತಿ ನಿಂತ ಮೇಲೆ ಒಂದು ಹನಿ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು.