ಡ್ಯಾಕ್ ತಗೊಳ್ಳೋ ಮುಂಚೆ ಟಿವಿ ಹಿಂದೆ, ಆಂಪ್ ಹಿಂದೆ ಏನಿದೆ ನೋಡ್ಕೊಳ್ಳಿ

ಡ್ಯಾಕ್ ಅಂದ್ರೆ ಡಿಜಿಟಲ್ ಸಿಗ್ನಲ್ಲನ್ನ ಆಂಪ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡೋ ಪೆಟ್ಟಿಗೆ. ಮನೆ ಸ್ಟೀರಿಯೋಗೆ ಯಾವ ಡ್ಯಾಕ್ ತಗೊಳ್ಲಿ ಅಂತ ಕೇಳೋರು ಹೆಚ್ಚಾಗಿ ಚಿಪ್ ಹೆಸರಿಂದಾನೇ ಶುರು ಮಾಡ್ತಾರೆ, ಇಎಸ್ಎಸ್ ಕಂಪನಿ ಚಿಪ್ ಇರೋದು ತಗೊಳ್ಳಾ, ಎಕೆಎಂ ಕಂಪನೀದು ಇರೋದು ತಗೊಳ್ಳಾ ಅಂತ. ಚಿಪ್ ವಿಷ್ಯ ಕೊನೆಗೆ ನೋಡೋಣ. ಮೊದ್ಲು ಟಾರ್ಚ್ ಹಿಡ್ಕೊಂಡು ಟಿವಿ ಹಿಂದೆ, ಆಂಪ್ಲಿಫೈಯರ್ ಹಿಂದೆ ಯಾವ್ಯಾವ ಸಾಕೆಟ್ ಇದೆ ನೋಡ್ಕೊಂಡು ಬನ್ನಿ.

ಆಂಪ್‌ನಲ್ಲೇ ಆಪ್ಟಿಕಲ್ (ಡಿಜಿಟಲ್ ಸೌಂಡ್ ಬೆಳಕಲ್ಲಿ ಹೋಗೋ ಸಾಕೆಟ್) ಅಥವಾ ಯುಎಸ್‌ಬಿ ಇನ್‌ಪುಟ್ ಇದ್ರೆ ಒಳಗೆ ಡ್ಯಾಕ್ ಇದೆ ಅಂತಾನೇ ಅರ್ಥ, ಅದನ್ನೇ ಬಳಸಿ ನೋಡಿ, ಹಿಸ್ ಇಲ್ಲ, ಗುಂಯ್ ಅನ್ನಲ್ಲ ಅಂದ್ರೆ ಹೊಸದು ಬೇಕಾಗೇ ಇಲ್ಲ, ಆ ದುಡ್ಡು ಸ್ಪೀಕರ್‌ಗೆ ಹಾಕಿ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕಿಂದ ಆಂಪ್‌ಗೆ ವೈರ್ ಎಳೆದಿದ್ದೀರಿ, ಮೌಸ್ ಅಲ್ಲಾಡಿಸಿದ್ರೆ ಸ್ಪೀಕರಲ್ಲಿ ಕರಕರ ಕೇಳ್ಸುತ್ತೆ, ಅಥವಾ ಟಿವಿಲಿ ಆಪ್ಟಿಕಲ್ ಮಾತ್ರ ಇದೆ, ನಿಮ್ಮ ಹಳೇ ಆಂಪಲ್ಲಿ ಕೆಂಪು ಬಿಳಿ ಆರ್‌ಸಿಎ ಅನ್ನೋ ಅನಲಾಗ್ ಸಾಕೆಟ್ ಮಾತ್ರ ಇದೆ, ಇಂಥ ಕಡೆ ಡ್ಯಾಕ್ ನಿಜವಾಗ್ಲೂ ಕೆಲ್ಸಕ್ಕೆ ಬರುತ್ತೆ.

ಟಿವಿಗೆ ಅಂತ ತಗೊಳ್ಳೋರು ಎರಡು ವಿಷ್ಯ ಗಮನದಲ್ಲಿಟ್ಕೊಳ್ಳಿ. ಆಪ್ಟಿಕಲ್ ಕೇಬಲಲ್ಲಿ ಟಿವಿ ಡಾಲ್ಬಿ (ಸರೌಂಡ್ ಸೌಂಡನ್ನ ಒತ್ತಿ ಕಳಿಸೋ ಫಾರ್ಮ್ಯಾಟ್) ಸಿಗ್ನಲ್ಲೂ ಕಳಿಸ್ಬಹುದು, ಸಾಮಾನ್ಯ ಸ್ಟೀರಿಯೋ ಡ್ಯಾಕ್‌ಗೆ ಅದು ಅರ್ಥ ಆಗಲ್ಲ, ಸೌಂಡೇ ಬರಲ್ಲ ಇಲ್ಲಾ ಬರೀ ಗೊರಗೊರ ಬರುತ್ತೆ. ಡ್ಯಾಕ್ ಕೆಟ್ಟಿದೆ ಅಂತ ವಾಪಸ್ ಕಳಿಸ್ಬೇಡಿ, ಟಿವಿ ಸೌಂಡ್ ಸೆಟ್ಟಿಂಗ್ಸಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ (ಯಾವ ಡ್ಯಾಕ್‌ಗೂ ಅರ್ಥ ಆಗೋ ಸಾದಾ ಡಿಜಿಟಲ್ ಸೌಂಡ್) ಅಂತ ಮಾಡಿ ಸಾಕು. ಇನ್ನೊಂದು ವಾಲ್ಯೂಮ್. ಎಷ್ಟೋ ಟಿವಿಗಳಲ್ಲಿ ಆಪ್ಟಿಕಲ್ ಔಟ್‌ಪುಟ್ ಲೆವೆಲ್ ಫಿಕ್ಸ್ ಆಗಿರುತ್ತೆ, ಟಿವಿ ರಿಮೋಟ್ ಒತ್ತಿದ್ರೆ ಏನೂ ಆಗಲ್ಲ, ಅಮ್ಮ ಸೀರಿಯಲ್ ನೋಡ್ತಿರುವಾಗ ಪ್ರತಿ ಜಾಹೀರಾತಿಗೂ ಎದ್ದು ಹೋಗಿ ಆಂಪ್ ತಿರುಗಿಸ್ಬೇಕು ಅಂದ್ರೆ ಆ ಸಿಸ್ಟಮ್ ಮನೇಲಿ ಯಾರಿಗೂ ಬೇಡವಾಗುತ್ತೆ. ಅದಕ್ಕೇ ರಿಮೋಟ್ ಇರೋ ಡ್ಯಾಕ್ ತಗೊಳ್ಳಿ, ಇಲ್ಲಾ ಎಚ್‌ಡಿಎಂಐ ಎಆರ್‌ಸಿ (ಟಿವಿ ಸೌಂಡನ್ನ ಎಚ್‌ಡಿಎಂಐ ಕೇಬಲಲ್ಲೇ ಹೊರಗೆ ಕಳಿಸೋ ಸಾಕೆಟ್) ಇರೋದು ಸಿಕ್ರೆ ಇನ್ನೂ ಒಳ್ಳೇದು, ಟಿವಿ ರಿಮೋಟಲ್ಲೇ ವಾಲ್ಯೂಮ್ ನಡೆಯುತ್ತೆ. ನನ್ನ ಪ್ರಕಾರ ಟಿವಿ ಇರೋ ಮನೆಗೆ ಎಲ್ಲಕ್ಕಿಂತ ಮುಖ್ಯವಾದ ಫೀಚರ್ ಇದೇ.

ಆಂಪಲ್ಲಿ ವಾಲ್ಯೂಮ್ ನಾಬ್ ಇದ್ರೆ ಡ್ಯಾಕ್ ಫಿಕ್ಸೆಡ್ ಔಟ್‌ಪುಟ್ ಕೊಟ್ರೂ ನಡೆಯುತ್ತೆ, ಆರ್‌ಸಿಎಲಿ 2 ವೋಲ್ಟ್ ಅನ್ನೋದು ಮಾಮೂಲಿ ಲೆವೆಲ್. ಆದ್ರೆ ಪವರ್ಡ್ ಸ್ಪೀಕರ್‌ಗೆ (ಒಳಗೇ ಆಂಪ್ ಇರೋದು) ನೇರ ಹಾಕೋದಾದ್ರೆ ಡ್ಯಾಕಲ್ಲೇ ವಾಲ್ಯೂಮ್ ಕಂಟ್ರೋಲ್ ಇರ್ಬೇಕು, ಮೊದಲ ಸಲ ಆನ್ ಮಾಡುವಾಗ ಪೂರ್ತಿ ಕೆಳಗಿಳಿಸಿ ಆಮೇಲೆ ಏರಿಸಿ. ಸ್ಪೀಕರಲ್ಲಿ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಸಾಕೆಟ್) ಇನ್‌ಪುಟ್ ಇದ್ದು ವೈರ್ ಉದ್ದ ಎಳೀಬೇಕಾದ್ರೆ ಬ್ಯಾಲೆನ್ಸ್ಡ್ ಔಟ್‌ಪುಟ್ (ಉದ್ದ ವೈರಲ್ಲಿ ಸೇರೋ ಗದ್ದಲ ಕಳೆಯೋದು) ಇರೋದು ನೋಡಿ. ಬರೀ ಆರ್‌ಸಿಎ ಇರೋರಿಗೆ ಅದಕ್ಕೆ ಜಾಸ್ತಿ ದುಡ್ಡು ಕೊಟ್ಟು ಪ್ರಯೋಜನ ಇಲ್ಲ.

ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ತಕ್ಷಣ ಹಮ್ ಶುರುವಾಗಿ, ತೆಗೆದ್ರೆ ನಿಲ್ಲುತ್ತೆ ಅಂದ್ರೆ ಅದು ಹೆಚ್ಚಾಗಿ ಗ್ರೌಂಡ್ ಲೂಪ್, ಅಂದ್ರೆ ಎರಡು ಸಾಧನದ ಅರ್ತ್ ನಡುವೆ ವೈರ್ ಮೂಲಕ ಕರೆಂಟ್ ಸುತ್ತೋದು. ದುಬಾರಿ ಡ್ಯಾಕ್ ತಂದ್ರೂ ಯುಎಸ್‌ಬಿಲೇ ಹಾಕಿದ್ರೆ ಹಮ್ ಉಳೀಬಹುದು. ಆಪ್ಟಿಕಲಲ್ಲಿ ಹೋಗೋದು ಬೆಳಕು, ಕರೆಂಟ್ ಸಂಬಂಧಾನೇ ಇರಲ್ಲ, ಹಾಗಾಗಿ ಆ ದಾರೀಲಿ ಬರೋ ಹಮ್ ಅಲ್ಲಿಗೇ ನಿಲ್ಲುತ್ತೆ. ಹಮ್ ಹೋಗ್ಲಿ ಅಂತ ಪ್ಲಗ್‌ನ ಅರ್ತ್ ಪಿನ್ ಮಾತ್ರ ಯಾವತ್ತೂ ಕೀಳ್ಬೇಡಿ, ಅದು ಪ್ರಾಣದ ವಿಷ್ಯ.

ಈಗ ಬಾಕ್ಸ್ ಮೇಲಿನ ನಂಬರ್‌ಗಳು. ಸಿಡಿ ಅಂದ್ರೆ 16 ಬಿಟ್, 44.1 ಕಿಲೋಹರ್ಟ್ಸ್ (ಸೌಂಡನ್ನ ಸೆಕೆಂಡಿಗೆ ಎಷ್ಟು ಸಲ ಅಳೀತಾರೆ ಅನ್ನೋ ಸ್ಯಾಂಪಲ್ ರೇಟ್), ಅಷ್ಟಕ್ಕೇ ಸುಮಾರು 96 ಡೆಸಿಬೆಲ್ ಡೈನಾಮಿಕ್ ರೇಂಜ್ (ಅತಿ ಮೆಲ್ಲನೆ ಸದ್ದಿಗೂ ಅತಿ ಜೋರಿಗೂ ಇರೋ ಅಂತರ) ಸಿಗುತ್ತೆ, ಮನೆ ಹಾಲಲ್ಲಿ ಫ್ಯಾನ್ ತಿರುಗ್ತಿರುವಾಗ ಅದನ್ನೂ ಪೂರ್ತಿ ಬಳಸೋಕಾಗಲ್ಲ. 24 ಬಿಟ್, 192 ಕಿಲೋಹರ್ಟ್ಸ್ ಸಪೋರ್ಟ್ ಇದ್ರೆ ಆಪಲ್ ಮ್ಯೂಸಿಕ್‌ನ ಹೈ ರೆಸ್ ಕೂಡ ನಡೆಯುತ್ತೆ, 768 ಕಿಲೋಹರ್ಟ್ಸ್ ಅಂತ ಬರೆದಿರೋದಕ್ಕೆ ಎಕ್ಸ್‌ಟ್ರಾ ಕೊಡ್ಬೇಡಿ. ಮಲ್ಲಿಕಾರ್ಜುನ ಮನ್ಸೂರರ ಹಳೇ ರೆಕಾರ್ಡಿಂಗ್ ಹಾಕಿದಾಗ ಹಿಂದೆ ಸುಯ್ ಅನ್ನೋ ಸದ್ದು ಆ ಕಾಲದ ರೆಕಾರ್ಡಿಂಗಲ್ಲೇ ಇರೋದು, ಯಾವ ಡ್ಯಾಕೂ ಅದನ್ನ ತೆಗೆಯಲ್ಲ, ಆ ಸದ್ದಿನ ಒಳಗಿಂದ ಬರೋ ತಾನ್‌ಗಳು ಸಾಧಾರಣ ಡ್ಯಾಕಲ್ಲೂ ಪೂರ್ತಿ ಬರುತ್ತೆ.

ಚಿಪ್‌ಗೆ ಬರೋಣ. ಒಂದೇ ಚಿಪ್ ಹಾಕಿರೋ ಎರಡು ಡ್ಯಾಕ್‌ನ ಔಟ್‌ಪುಟ್ ಬೇರೆಬೇರೆ ಇರ್ಬಹುದು, ಯಾಕಂದ್ರೆ ಅದರ ಸುತ್ತ ಇರೋ ಪವರ್ ಸಪ್ಲೈ, ಔಟ್‌ಪುಟ್ ಸರ್ಕ್ಯೂಟ್ ಅಷ್ಟೇ ಮುಖ್ಯ. ಅದಕ್ಕೆ ಚಿಪ್ ಬಿಟ್ಟು ಇಡೀ ಪೆಟ್ಟಿಗೆಯ ಮೆಷರ್‌ಮೆಂಟ್ ನೋಡಿ, ಡಿಸ್ಟಾರ್ಷನ್ ಪ್ಲಸ್ ನಾಯ್ಸ್ ಸಿಗ್ನಲ್‌ಗಿಂತ 100 ಡೆಸಿಬೆಲ್ ಕೆಳಗಿದ್ರೆ ಅಲ್ಲಿಂದ ಮುಂದೆ ಕಿವಿಗೆ ಗೊತ್ತಾಗಲ್ಲ. ಟಾಪಿಂಗ್, ಎಸ್ಎಂಎಸ್ಎಲ್, ಫಿಯೋ ಥರದವರ ಕಡಿಮೆ ಬೆಲೆಯ ಎಷ್ಟೋ ಮಾಡೆಲ್ ಈ ಮಟ್ಟ ದಾಟಿವೆ.

ಆಂಡ್ರಾಯ್ಡ್ ಫೋನಿಂದ ಕೇಳೋರಿಗೆ ಒಂದು ಮಾತು, ಫೋನ್ ಸಾಮಾನ್ಯವಾಗಿ ಎಲ್ಲಾನೂ ಒಂದೇ ಸ್ಯಾಂಪಲ್ ರೇಟ್‌ಗೆ, ಹೆಚ್ಚಾಗಿ 48 ಕಿಲೋಹರ್ಟ್ಸ್‌ಗೆ ಬದಲಾಯಿಸಿ ಕಳಿಸುತ್ತೆ, ಫೈಲಲ್ಲಿರೋ ರೇಟಲ್ಲೇ ಹೋಗ್ಬೇಕು ಅಂದ್ರೆ ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೋ ಥರದ ಆ್ಯಪ್ ಬೇಕು. ಬ್ಲೂಟೂತಲ್ಲಿ ಕಳಿಸೋದಾದ್ರೆ ಎಲ್‌ಡ್ಯಾಕ್ (ಇದು ಡ್ಯಾಕ್ ಅಲ್ಲ, ಸೌಂಡನ್ನ ಒತ್ತಿ ಕಳಿಸೋ ವಿಧಾನ) ಸೆಕೆಂಡಿಗೆ 990 ಕಿಲೋಬಿಟ್ ತನಕ ಹೋಗುತ್ತೆ, ದಿನನಿತ್ಯ ಕೇಳೋಕೆ ಧಾರಾಳ ಸಾಕು.

ಎರಡು ಡ್ಯಾಕ್ ಹೋಲಿಸೋ ಅವಕಾಶ ಸಿಕ್ಕಿದ್ರೆ ಎರಡರ ಔಟ್‌ಪುಟ್ ಲೆವೆಲ್ ಮೀಟರ್ ಇಟ್ಟು ಸಮ ಮಾಡಿ, ಅರ್ಧ ಡೆಸಿಬೆಲ್ ಜೋರಿರೋದೂ ಕಿವಿಗೆ ಚೆನ್ನಾಗಿದೆ ಅನ್ಸುತ್ತೆ. ಆಮೇಲೆ ಯಾವುದು ಓಡ್ತಿದೆ ಅಂತ ನಿಮಗೆ ಗೊತ್ತಾಗದ ಹಾಗೆ ಮನೆಯವರು ಬದಲಾಯಿಸ್ಲಿ, ನೀವು ಕೇಳಿ. ವ್ಯತ್ಯಾಸ ಹಿಡಿಯೋಕಾಗ್ಲಿಲ್ವಾ, ಕಡಿಮೆ ಬೆಲೇದು ತಗೊಳ್ಳಿ, ವಾರಂಟಿ ಇಲ್ಲೇ ಇಂಡಿಯಾದಲ್ಲಿ ಕೊಡೋ ಅಂಗಡಿಯಿಂದ ಬಿಲ್ ಸಮೇತ.