ಮಂಗಳೂರಿನ ಮೀನೂಟ: ನಾನು ಆರಿಸುವ ಬಗೆ

ಮಂಗಳೂರಲ್ಲಿ ಮೀನೂಟಕ್ಕೆ ಮಧ್ಯಾಹ್ನವೇ ಹೋಗಬೇಕು, ಅದೂ 12.30ರೊಳಗೆ. ಬಂದರಿನ ನಾರಾಯಣ, ಕಾರ್‌ಸ್ಟ್ರೀಟಿನ ಗಿರಿಮಂಜಾಸ್ ಎರಡೂ ಕಡೆ ಒಂದು ಗಂಟೆಯಾಯಿತೆಂದರೆ ಜಾಗಕ್ಕೆ ಕಾಯಬೇಕು. ಎರಡು ದಾಟಿತೋ, ಒಳ್ಳೆಯ ಮೀನು ಖಾಲಿ. ಭಾನುವಾರ ರಜೆ ಮಾಡುವ ಮೀನೂಟದ ಹೋಟೆಲುಗಳೂ ಇವೆ, ಕೇಳಿಕೊಂಡೇ ಹೊರಡಿ.

ಊಟವೆಂದರೆ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಪಲ್ಯ, ಉಪ್ಪಿನಕಾಯಿ. ಇದು ಅಗ್ಗ, ಬಿಲ್ಲು ಏರುವುದು ಫ್ರೈಯಲ್ಲಿ. ನಾರಾಯಣದಲ್ಲಿ ಮಸಾಲೆ ಹಚ್ಚಿದ ಹಸಿ ಮೀನನ್ನು ಟ್ರೇಯಲ್ಲಿ ಮೇಜಿಗೇ ತಂದು ತೋರಿಸುತ್ತಾರೆ, ಬೆರಳಿಟ್ಟದ್ದು ಕಾವಲಿಗೆ ಹೋಗುತ್ತದೆ. ದರ ಗಾತ್ರಕ್ಕೆ ತಕ್ಕ ಹಾಗೆ ಬದಲಾಗುವುದರಿಂದ ಬೆರಳಿಡುವ ಮೊದಲೇ "ಇದಕ್ಕೆ ಎಷ್ಟಾಗ್ತದೆ ಮಾರಾಯ್ರೆ?" ಎಂದು ಕೇಳುವುದರಲ್ಲಿ ನಾಚಿಕೆಯೇನಿಲ್ಲ.

ಹೊಸ ಹೋಟೆಲಿಗೆ ಹೋದರೆ ನಾನು ಮೊದಲು ಹೇಳುವುದು ಅಂಜಲ್ (ಸುರಮಯಿ) ಅಲ್ಲ, ಬಂಗುಡೆ (ಮ್ಯಾಕೆರೆಲ್). ಅಂಜಲ್ ಐಸಿನಲ್ಲಿ ಕೆಲವು ದಿನ ತಾಳುತ್ತದೆ, ತುಂಡು ಮಾಡಿ ಕೆಂಪು ಮಸಾಲೆ ಮೆತ್ತಿದ ಮೇಲೆ ಹಳತು ಹೊಸತು ಗೊತ್ತಾಗುವುದಿಲ್ಲ. ಬಂಗುಡೆ ಬೇಗ ಕೆಡುತ್ತದೆ, ಮುಚ್ಚಿಡಲಾಗದು. ತಾಜಾ ಬಂಗುಡೆಯ ಮಾಂಸ ಮುಳ್ಳಿನಿಂದ ದಪ್ಪ ಎಸಳಾಗಿ ಬಿಡುತ್ತದೆ. ಹಳತು ಹಿಟ್ಟಿನ ಹಾಗೆ ಪುಡಿಯಾಗುತ್ತದೆ. ತಿನ್ನುವಾಗ ನಾಲಿಗೆ ಚುರುಗುಟ್ಟಿ, ಅದು ಮೆಣಸಿನ ಖಾರವಲ್ಲವೆನಿಸಿದರೆ ಅಲ್ಲಿಗೇ ಬಿಡಿ. ತಂಪಿನಲ್ಲಿಡದ ಬಂಗುಡೆ, ಬೂತಾಯಿಯಂಥ ಮೀನಿನಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಸೇರಿಕೊಳ್ಳುತ್ತದೆ, ಎಷ್ಟು ಹುರಿದರೂ ಹೋಗುವುದಿಲ್ಲ. ಮುಖ ಕೆಂಪಾಗಿ ಮೈ ತುರಿಸುವುದು ಅದರಿಂದಲೇ.

ಬಂಗುಡೆಗೆ ತವಾ ಫ್ರೈ ಅಥವಾ ಪುಳಿಮುಂಚಿ, ಅಂದರೆ ಹುಳಿ-ಖಾರದ ಸಾರು. ಕಾಣೆ ಮೀನಿನ (ಲೇಡಿಫಿಶ್) ಮಾಂಸ ಮೆತ್ತಗೆ, ಅದಕ್ಕೆ ರವೆಯ ಹೊದಿಕೆ ಚೆಂದ. ಅಂಜಲ್‌ಗೆ ರವೆ ಹಾಕಿಸುವುದು, ನನ್ನ ಮಟ್ಟಿಗೆ, ದುಡ್ಡು ದಂಡ. ಮರುವಾಯಿ (ಚಿಪ್ಪುಮೀನು) ಸುಕ್ಕ, ಅಂದರೆ ಕಾಯಿತುರಿಯ ಒಣ ಪಲ್ಯ, ಸಿಕ್ಕರೆ ನೀರುದೋಸೆಯ ಜೊತೆ ತರಿಸಿ. ಹಲ್ಲಿಗೆ ಮರಳು ಸಿಕ್ಕಿತೆಂದರೆ ಅಡುಗೆಮನೆಯಲ್ಲಿ ಸರಿಯಾಗಿ ತೊಳೆದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಇಲ್ಲಿ ಮೀನುಗಾರಿಕೆ ನಿಷೇಧ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆಮೇಲೆ ಅಲ್ಲಿಂದ ಐಸಿನಲ್ಲಿ ಬರುವ ಮೀನೂ ಇರುತ್ತದೆ. ಆ ದಿನಗಳಲ್ಲಿ ನಾಡದೋಣಿಯ ಮೀನು ಉಂಟಾ ಎಂದು ವಿಚಾರಿಸುತ್ತೇನೆ. ಇಲ್ಲವೆಂದರೆ ಕೋರಿ ರೊಟ್ಟಿ, ಅಂದರೆ ಅಕ್ಕಿಯ ಒಣ ರೊಟ್ಟಿ ಮತ್ತು ಕೋಳಿ ಸಾರು (ಗಸಿ). ಗರಿಗರಿ ರೊಟ್ಟಿಯ ಮೇಲೆ ಗಸಿ ಸುರಿದು ಅರೆ ನಿಮಿಷದೊಳಗೆ ತಿನ್ನಲು ಶುರುಮಾಡಿ, ತಡಮಾಡಿದರೆ ಅಂಬಲಿಯಾಗುತ್ತದೆ.

ಹೊಟ್ಟೆಯಲ್ಲಿ ಜಾಗ ಉಳಿದಿದ್ದರೆ ಲಾಲ್‌ಬಾಗಿನ ಪಬ್ಬಾಸ್‌ನಲ್ಲಿ ಗಡ್‌ಬಡ್ ಐಸ್‌ಕ್ರೀಮ್, ಇಬ್ಬರಿಗೆ ಒಂದು.