ಖಿನ್ನತೆಗೆ ಮಾತ್ರೆ ತಿಂದವನಿಗೆ ಕೋವಿ ಲೈಸೆನ್ಸ್: ನನ್ನ ಅನುಭವ

ಮಲೆನಾಡಿನಲ್ಲಿ ಅಡಿಕೆ ತೋಟ ಇರುವ ಮನೆಯಲ್ಲಿ ಒಂದು ಒಂಟಿನಳಿಗೆ ಕೋವಿ ಇರುವುದು ಹೊಸದೇನಲ್ಲ. ಮಂಗನ ಹಿಂಡು ತೋಟಕ್ಕೆ ಇಳಿದರೆ ಗಾಳಿಯಲ್ಲಿ ಒಂದು ಈಡು, ಅಷ್ಟೇ ಅದರ ಕೆಲಸ. ಅಪ್ಪನಿಗೆ ವಯಸ್ಸಾದ ಮೇಲೆ ಆ ಕೋವಿ ನನ್ನ ಹೆಸರಿಗೆ ಆಗಬೇಕಿತ್ತು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಇರುವವರಿಗೆ 70 ತುಂಬಿದರೆ, ಇಲ್ಲವೇ ಅವರು 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರು ಸೂಚಿಸಬಹುದು. ತಮ್ಮ, ತಂಗಿ ಇಬ್ಬರೂ ತಕರಾರಿಲ್ಲ ಅಂತ ಬರೆದುಕೊಟ್ಟರು. ತೊಡಕಿದ್ದದ್ದು ನನ್ನದೇ ಹಳೆಯ ಓಪಿ ಚೀಟಿಯಲ್ಲಿ. ಕೊಳೆರೋಗಕ್ಕೆ ಫಸಲು ಹೋಗಿ ಸಾಲ ಬೆಳೆದ ಕಾಲದಲ್ಲಿ ನಾನು ಮನೋವೈದ್ಯರ ಹತ್ತಿರ ಹೋಗಿದ್ದೆ. ವರ್ಷಕ್ಕೂ ಮೇಲೆ ಖಿನ್ನತೆಗೆ ಮಾತ್ರೆ ತಿಂದಿದ್ದೆ.

"ಆ ಸುದ್ದಿ ಎತ್ತಲೇಬೇಡ ಮಾರಾಯ, ಪೇಟೆಯಲ್ಲಿ ಯಾರಾದರೂ ಡಾಕ್ಟರ ಹತ್ತಿರ ಸೈನ್ ಹಾಕಿಸಿಕೋ" ಅಂದವರೇ ಜಾಸ್ತಿ. ಅರ್ಜಿಯ ಜೊತೆ ಎಸ್-3 ಅನ್ನುವ ನಮೂನೆಯಲ್ಲಿ ವೈದ್ಯರ ಸರ್ಟಿಫಿಕೇಟ್ ಕೊಡಬೇಕು. ದೇಹ, ಮನಸ್ಸು ಎರಡೂ ಸರಿಯಿದೆ, ಕುಡಿತ ಅಥವಾ ಮಾದಕ ವಸ್ತುವಿನ ಚಟ ಇಲ್ಲ ಅಂತ ಅದರಲ್ಲಿ ಬರಬೇಕು. ನಾನು ಮುಚ್ಚಿಡಲಿಲ್ಲ. ಒಳ್ಳೆಯವನಾಗಲಿಕ್ಕೆ ಅಲ್ಲ, ಲೆಕ್ಕ ಹಾಕಿ. 1959ರ ಆರ್ಮ್ಸ್ ಆಕ್ಟಿನ 17ನೇ ಸೆಕ್ಷನ್ ಪ್ರಕಾರ ಮುಖ್ಯ ವಿಷಯ ಮುಚ್ಚಿಟ್ಟು ಪಡೆದ ಲೈಸೆನ್ಸನ್ನು ಆಮೇಲೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ಊರಲ್ಲಿ ಗಡಿ ಜಗಳ ಯಾರಿಗಿಲ್ಲ? ಒಬ್ಬರು ಒಂದು ಅರ್ಜಿ ಹಾಕಿದರೆ ಸಾಕು.

ಕಾನೂನು ನಾವು ಅಂದುಕೊಂಡಷ್ಟು ಕಠಿಣ ಇಲ್ಲ. ಆರ್ಮ್ಸ್ ಆಕ್ಟಿನ 14ನೇ ಸೆಕ್ಷನ್ "ಅಸ್ವಸ್ಥ ಚಿತ್ತ"ದವರಿಗೆ ಲೈಸೆನ್ಸ್ ಕೊಡಬೇಡಿ ಅನ್ನುತ್ತದೆ, ಚಿಕಿತ್ಸೆ ಪಡೆದವರಿಗೆ ಅಂತ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಇದನ್ನು ಇನ್ನೂ ಬಿಡಿಸಿ ಹೇಳಿದೆ. ಹಿಂದೆ ಚಿಕಿತ್ಸೆ ಪಡೆದದ್ದನ್ನು ಗಮನಿಸಬಹುದು. ಆದರೆ ಅದೊಂದನ್ನೇ ಹಿಡಿದು ಇವತ್ತೂ ಕಾಯಿಲೆ ಇದೆ ಅನ್ನುವ ಹಾಗಿಲ್ಲ. ಕಾಯಿಲೆ ಇದೆ ಅಂದಮಾತ್ರಕ್ಕೆ ಚಿತ್ತ ಕೆಟ್ಟಿದೆ ಅಂತಲೂ ಅಲ್ಲ, ಅದನ್ನು ಕೋರ್ಟು ಹೇಳಬೇಕು. ಹಾಗಂತ ಲೈಸೆನ್ಸ್ ಕೊಡುವ ಡಿಸಿ (ಜಿಲ್ಲಾಧಿಕಾರಿ) ಕಣ್ಣುಮುಚ್ಚಿ ಕೊಡಲೇಬೇಕು ಅಂತಿಲ್ಲ. ಬೇರೆ ಯಾವುದೇ ಕಾರಣಕ್ಕೆ ತಕ್ಕವನಲ್ಲ ಅನ್ನಿಸಿದರೂ ಅದೇ 14ನೇ ಸೆಕ್ಷನ್ನಿನಲ್ಲಿ ತಿರಸ್ಕರಿಸಬಹುದು.

ಹಾಗಾಗಿ ಎಲ್ಲಾ ನಿಂತದ್ದು ಮನೋವೈದ್ಯರ ಪತ್ರದ ಮೇಲೆ. ಮೊದಲು ನನ್ನ ಹಳೆಯ ದಾಖಲೆಗಳ ನಕಲು ಕೇಳಿ ಪಡೆದೆ. ಅದು ರೋಗಿಯ ಹಕ್ಕು, ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಸೆಕ್ಷನ್. ಆಮೇಲೆ ಅದೇ ಡಾಕ್ಟರ ಹತ್ತಿರ ಹೋದೆ. ಹಳೆಯ ಪರಿಚಯ, ಬೇಗ ಬರೆದುಕೊಡುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟು ಕೇಳಲು ಶುರು ಮಾಡಿದರು. ನಿದ್ದೆ ಹೇಗಿದೆ? ಕುಡಿಯುತ್ತೀರಾ? ಸಾಲ ಎಷ್ಟು ಉಳಿದಿದೆ? ಆವಾಗ ಸಾಯಬೇಕು ಅಂತ ಅನ್ನಿಸಿತ್ತಲ್ಲ, ಆಮೇಲೆ ಯಾವಾಗಲಾದರೂ? ನನ್ನನ್ನು ಹೊರಗೆ ಕೂರಿಸಿ ಹೆಂಡತಿಯನ್ನೂ ಬೇರೆಯಾಗಿ ಮಾತಾಡಿಸಿದರು. ಕೋವಿ ಎಲ್ಲಿರುತ್ತದೆ, ತೋಟಾ (ಕೋವಿಗೆ ಹಾಕುವ ಗುಂಡು) ಎಲ್ಲಿರುತ್ತದೆ, ಬೀಗದ ಕೈ ಯಾರ ಹತ್ತಿರ ಅಂತ ಅವಳನ್ನೇ ಕೇಳಿದರಂತೆ. ನನಗೆ ಸ್ವಲ್ಪ ಇರುಸುಮುರುಸಾಯಿತು ನಿಜ. ಆದರೆ ಅವರು ಕೇಳಿದ್ದೇ ಸರಿ. ಮನಸ್ಸು ಕೆಟ್ಟ ರಾತ್ರಿ ಕೈಗೆ ಸಿಗುವಂತೆ ಕೋವಿ ಇದ್ದರೆ ಏನಾಗಬಹುದು ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಕೊನೆಗೆ ಬಂದ ಪತ್ರ ಅರ್ಧ ಪುಟ. ಯಾವ ಕಾಯಿಲೆ, ಯಾವಾಗಿನಿಂದ ಯಾವಾಗಿನವರೆಗೆ. ಮಾತ್ರೆ ತಾನಾಗಿ ಬಿಟ್ಟದ್ದಲ್ಲ, ಡಾಕ್ಟರೇ ಹಂತಹಂತವಾಗಿ ನಿಲ್ಲಿಸಿದ್ದು. ಆಮೇಲೆ ಮರುಕಳಿಸಿಲ್ಲ. ಇವತ್ತು ಪರೀಕ್ಷೆ ಮಾಡಿದಾಗ ಕಾಯಿಲೆಯ ಲಕ್ಷಣ ಕಾಣಲಿಲ್ಲ. "ಮುಂದೆಯೂ ಏನೂ ಆಗಲ್ಲ ಅಂತ ಒಂದು ಸಾಲು ಹಾಕಿ ಸಾರ್" ಅಂದೆ. "ಅದನ್ನು ಯಾವ ಡಾಕ್ಟರೂ ಬರೆಯಲ್ಲ, ಬರೆದರೆ ನಂಬಬೇಡಿ" ಅಂದರು. ಈ ಪತ್ರ ನೋಡಿಯೇ ಸರ್ಕಾರಿ ಆಸ್ಪತ್ರೆಯಲ್ಲಿ ಎಸ್-3 ತುಂಬಿಕೊಟ್ಟರು.

ಠಾಣೆಯ ವಿಚಾರಣೆ ಸಲೀಸಾಗಿ ಮುಗಿಯಿತು. ದಫೇದಾರರು ಮನೆಗೆ ಬಂದು ಅಪ್ಪನ ಜೊತೆ ಕಾಫಿ ಕುಡಿದು, ಕೋವಿ ಇಡುವ ಕಪಾಟು ನೋಡಿ, ಅಕ್ಕಪಕ್ಕ ಕೇಳಿಕೊಂಡು ಹೋದರು. ಕಷ್ಟ ಕೊಟ್ಟದ್ದು ಡಿಸಿ ಕಚೇರಿಯ ಟೇಬಲ್ಲು. ಕಡತ ತಿರುವುತ್ತಾ ಕೇಸ್ ವರ್ಕರ್, "ಮೆಂಟಲ್ ಟ್ರೀಟ್‌ಮೆಂಟ್ ಇದ್ರೆ ಆಗಲ್ಲ, ವಾಪಸ್ ತಗೊಂಡು ಹೋಗಿ" ಅಂತ ಪಕ್ಕದವರಿಗೂ ಕೇಳುವ ಹಾಗೆ ಹೇಳಿಬಿಟ್ಟರು. ಜಗಳ ಆಡಲಿಲ್ಲ. ಆಗಲ್ಲ ಅಂತ ಬರಹದಲ್ಲಿ ಕೊಡಿ ಅಂದೆ. ಬಾಯಲ್ಲಿ ಇಲ್ಲ ಅಂದದ್ದು ತಿರಸ್ಕಾರ ಆಗುವುದಿಲ್ಲ. ಕಾರಣ ಬರೆದಿಡಬೇಕು, ಅರ್ಜಿದಾರ ಕೇಳಿದರೆ ಕೊಡಬೇಕು, ಅದರ ಮೇಲೆ ಅಪೀಲು ಹೋಗಬಹುದು. ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ನಿನ ಪ್ರತಿ ಲಗತ್ತಿಸಿ ಒಂದು ಪುಟದ ಮನವಿ ಟಪಾಲಿಗೆ ಕೊಟ್ಟು, ಸೀಲು ಹಾಕಿಸಿಕೊಂಡು ಬಂದೆ. ಆಮೇಲೆ ಕಡತ ಮೇಲಕ್ಕೆ ಹೋಯಿತು. ನಿಧಾನಕ್ಕೆ, ಆದರೆ ಹೋಯಿತು.

ಕೊಡಗಿನ ಗೆಳೆಯನೊಬ್ಬ ಇದನ್ನೆಲ್ಲಾ ಕೇಳಿ ನಕ್ಕ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ 2029ರವರೆಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ನಗದೇ ಏನು! ಚುನಾವಣೆ ಬಂದಾಗ ಕೋವಿ ಠಾಣೆಗೆ ಜಮಾ ಮಾಡಿ ಅನ್ನುವ ತಲೆನೋವು ಮಾತ್ರ ಇಬ್ಬರಿಗೂ ಇದೆ.

ಈಗ ಲೈಸೆನ್ಸ್ ಅವಧಿ 5 ವರ್ಷ. ಡಾಕ್ಟರ ಪತ್ರದ ಪ್ರತಿಗಳನ್ನು ಪಹಣಿಯ ಫೈಲಿನಲ್ಲೇ ಇಟ್ಟಿದ್ದೇನೆ, ನವೀಕರಣಕ್ಕೆ ಬೇಕಾಗಬಹುದು. ಕೋವಿ ಒಂದು ಕಪಾಟು, ತೋಟಾ ಇನ್ನೊಂದು, ತೋಟಾದ ಬೀಗದ ಕೈ ಹೆಂಡತಿಯ ಹತ್ತಿರ. ಮತ್ತೆ ಮಾತ್ರೆ ಶುರುವಾದರೆ ಕೋವಿಯನ್ನು ಮೊದಲು ಪೇಟೆಯ ಲೈಸೆನ್ಸ್‌ದಾರ ಡೀಲರ್ ಹತ್ತಿರ ಇಡುವುದು ಅಂತ ಮಾತಾಡಿಕೊಂಡಿದ್ದೇವೆ. ಅದನ್ನು ತೀರ್ಮಾನಿಸುವವಳು ಅವಳು, ನಾನಲ್ಲ.